ಗುಬ್ಬಿಯ ಪಾದ್ರಿ, ಪೋಪರ ಭಯ ಮತ್ತು ಅಮೆರಿಕದ ಓಟು

ಬ್ಲಾಗಿನ ಕಡೆ ತಲೆ ಹಾಕಿ ಬಹಳ ದಿನವಾಯಿತು. ಬರೆಯಲು ವಿಷಯ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೇ. ಆದರೆ ನಮ್ಮ ಮೇಷ್ಟ್ರು ಕೇಳಿದ ಒಂದು ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿದೆ, ಇಳಿಯುತ್ತಿಲ್ಲ. ಬರೆದಾದರೂ ಇಳಿಸೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದವಾಗಬಹುದು, ಕಾಫಿ ಇಟ್ಟುಕೊಂಡು ಓದಿ.

ಮೇಷ್ಟ್ರು ಅಂದರೆ ಹೈಸ್ಕೂಲಿನಲ್ಲಿ ನನಗೆ ಚರಿತ್ರೆ ಹೇಳಿಕೊಟ್ಟವರು. ಹುಟ್ಟೂರು ಗುಬ್ಬಿ, ರಿಟೈರ್ ಆದ ಮೇಲೆ ಕುಣಿಗಲ್‌ನಲ್ಲಿ ಹೆಂಡತಿಯ ತವರಿನ ಹತ್ತಿರ ಒಂದು ಸಣ್ಣ ಮನೆ ಮಾಡಿಕೊಂಡಿದ್ದಾರೆ. ಸಿ.ಎಸ್.ಐ. ಚರ್ಚಿನವರು, ಅಂದರೆ ಹಳೆಯ ವೆಸ್ಲಿಯನ್ ಮಿಷನ್ನಿನ ಕುಟುಂಬ. ಮಗ ಟೆಕ್ಸಾಸ್‌ನಲ್ಲಿ, ಸಾಫ್ಟ್‌ವೇರು. ಈಗ ಅಲ್ಲಿಯ ಪ್ರಜೆ, ಓಟು ಹಾಕುತ್ತಾನೆ, ಭಾನುವಾರ ತಪ್ಪದೆ ಅಲ್ಲಿಯ ಒಂದು ದೊಡ್ಡ ಇವ್ಯಾಂಜೆಲಿಕಲ್ ಚರ್ಚಿಗೆ ಹೋಗುತ್ತಾನೆ.

2024ರ ನವೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷರ ಚುನಾವಣೆ ಮುಗಿದ ವಾರ ಕುಣಿಗಲ್‌ಗೆ ಹೋಗಿದ್ದೆ. ಕೆರೆ ಏರಿ ಮೇಲೆ ನಡೆಯುತ್ತಾ ಮೇಷ್ಟ್ರು ಹೇಳಿದರು: “ಮಗನ ಜೊತೆ ಫೋನಿನಲ್ಲಿ ಊಟ ಆಯ್ತಾ, ಮಳೆ ಬಂತಾ, ಇಷ್ಟೇ ಕಣಪ್ಪ ಮಾತು. ಎಂಟು ವರ್ಷ ಆಯ್ತು. ಓಟಿನ ವಿಷಯ ಬಂದ್ರೆ ಇಬ್ರಿಗೂ ಸಿಟ್ಟು ಬರುತ್ತೆ. ‘ಅಪ್ಪಾ, ಇದು ರಾಜಕೀಯ ಅಲ್ಲ, ವಿಶ್ವಾಸದ ಪ್ರಶ್ನೆ’ ಅಂತಾನೆ.” ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಕೇಳಿದರು: “ಪೋಪ್ ಹೇಳ್ದ ಅಂತ ಓಟು ಹಾಕೋದು ತಪ್ಪು ಅಂತ ನಮ್ಮ ಹಿರಿಯರು ನೂರು ವರ್ಷ ಬೋಧನೆ ಮಾಡಿದ್ರು. ಪಾಸ್ಟರ್ ಹೇಳ್ದ ಅಂತ ಹಾಕಿದ್ರೆ ಅದು ಹೇಗಪ್ಪ ಸರಿ ಆಗುತ್ತೆ?”

ನಾನು ಉತ್ತರ ಹೇಳಲಿಲ್ಲ. ಮನೆಗೆ ಬಂದು ಓದಲು ಶುರು ಮಾಡಿದೆ. ಓದುತ್ತಾ ಹೋದರೆ ಆ ದಾರಿ ಗುಬ್ಬಿಗೇ ಬಂದು ನಿಂತಿತು!

ಇವ್ಯಾಂಜೆಲಿಕಲ್ ಅಂದರೆ ಯಾರು ಅಂತ ಮೊದಲು ಹೇಳಿಬಿಡುತ್ತೇನೆ. ಇದು ಒಂದು ಚರ್ಚಿನ ಹೆಸರಲ್ಲ. ಪ್ರಾಟೆಸ್ಟೆಂಟರೊಳಗೆ ಒಂದು ಬಗೆ. ಬೈಬಲ್ಲೇ ಕೊನೆಯ ಮಾತು, ಶಿಲುಬೆಯಿಂದಲೇ ರಕ್ಷಣೆ, ಪ್ರತಿಯೊಬ್ಬನೂ ಸ್ವತಃ ಮನಸ್ಸು ತಿರುಗಿ ‘ಹೊಸದಾಗಿ ಹುಟ್ಟಬೇಕು’, ಆ ಸುವಾರ್ತೆಯನ್ನು ನಾಲ್ಕು ಜನಕ್ಕೆ ಹೇಳಬೇಕು. ಇದು ಅವರ ನಂಬಿಕೆಯ ಸಾರ. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ವೆಸ್ಲಿ ಶುರು ಮಾಡಿದ ಮೆಥಡಿಸ್ಟ್ ಚಳವಳಿ ಈ ಬಳ್ಳಿಯ ದೊಡ್ಡ ಕವಲು. ಆ ಕವಲೇ 1830ರ ದಶಕದಲ್ಲಿ ಗುಬ್ಬಿಗೆ ಬಂತು. ಅಡಿಕೆ, ಕೊಬ್ಬರಿ, ಬಟ್ಟೆ ವ್ಯಾಪಾರದ ದೊಡ್ಡ ಪೇಟೆ ಗುಬ್ಬಿ. ನಾಲ್ಕೂ ಕಡೆಯಿಂದ ಜನ ಸೇರುವ ಜಾಗ ಎಂದು ಪಾದ್ರಿಗಳು ಅಲ್ಲಿ ಬಿಡಾರ ಹೂಡಿದರು. ತುಮಕೂರು, ಕುಣಿಗಲ್ ಕೂಡ ಅವರ ಠಾಣ್ಯಗಳೇ ಆದವು. ಮುಂದೆ 1947ರ ಸೆಪ್ಟೆಂಬರ್ 27ರಂದು ಮೆಥಡಿಸ್ಟರು, ಆಂಗ್ಲಿಕನ್ನರು ಮತ್ತಿತರರು ಸೇರಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಆಯಿತು. ತುಮಕೂರಿನ ಚರ್ಚ್ ಸರ್ಕಲ್‌ನಲ್ಲಿ ದಿನಾ ಬಸ್ ಹತ್ತಿ ಇಳಿಯುವ ನಮಗೆ ಆ ಹೆಸರಿನ ಹಿಂದೆ ಇಷ್ಟು ಕಥೆ ಇದೆ ಅಂತ ಹೊಳೆಯುವುದೇ ಇಲ್ಲ.

ಗುಬ್ಬಿಗೆ ಬಂದವರಲ್ಲಿ ಒಬ್ಬ ಹುಡುಗ ಪಾದ್ರಿ ವಿಲಿಯಂ ಆರ್ಥರ್. 1819ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದವನು. 1839ರಲ್ಲಿ, ಇಪ್ಪತ್ತೇ ವಯಸ್ಸಿಗೆ, ದೀಕ್ಷೆ ಪಡೆದು ಹಡಗು ಹತ್ತಿದ. ಗುಬ್ಬಿಯಲ್ಲಿ ಕನ್ನಡ ಕಲಿತು ಕೆಲಸ ಶುರು ಮಾಡಿದ, ಆದರೆ ಕಣ್ಣು ಕೈಕೊಟ್ಟಿತು. 1841ರಲ್ಲಿ ವಾಪಸ್ಸು ಹೋಗಬೇಕಾಯಿತು. ಇಲ್ಲಿ ಇದ್ದದ್ದು ಎರಡು ವರ್ಷ ಇರಬಹುದು, ಆದರೂ ಆ ನೆನಪಿನಲ್ಲೇ 1847ರಲ್ಲಿ ಮೈಸೂರು ಸೀಮೆಯ ಮಿಷನ್ ಬಗ್ಗೆ ಒಂದು ದಪ್ಪ ಪುಸ್ತಕ ಬರೆದ. ಆಮೇಲೆ ಲಂಡನ್ನಿನ ವೆಸ್ಲಿಯನ್ ಮಿಷನರಿ ಸೊಸೈಟಿಯ ಕಾರ್ಯದರ್ಶಿಯಾದ, 1866ರಲ್ಲಿ ವೆಸ್ಲಿಯನ್ ಮಹಾಸಭೆಯ ಅಧ್ಯಕ್ಷನೂ ಆದ. ಅವನು 1856ರಲ್ಲಿ ಬರೆದ ‘ದಿ ಟಂಗ್ ಆಫ್ ಫೈರ್’ ಅಮೆರಿಕದ ಮೆಥಡಿಸ್ಟರ ಮನೆಮನೆಯಲ್ಲೂ ಓದಿದ ಪುಸ್ತಕ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾದಾಗ ಇಂಗ್ಲೆಂಡಿನ ದೊಡ್ಡ ಮನುಷ್ಯರಲ್ಲಿ ಎಷ್ಟೋ ಜನ ದಕ್ಷಿಣದ ಗುಲಾಮರ ಒಡೆಯರ ಪರ ಒಲವು ತೋರಿಸುತ್ತಿದ್ದರು. ಆರ್ಥರ್ ಮಾತ್ರ ಉತ್ತರದ ಪರ, ಅಂದರೆ ಲಿಂಕನ್ ಸರ್ಕಾರದ ಪರ ಬರೆದ.

ನನ್ನ ಕಣ್ಣು ನಿಂತದ್ದು ಅವನ 1877ರ ಪುಸ್ತಕದ ಮೇಲೆ. ಹೆಸರು ‘ದಿ ಪೋಪ್, ದಿ ಕಿಂಗ್ಸ್ ಅಂಡ್ ದಿ ಪೀಪಲ್’. ಪೋಪ್, ಅರಸರು, ಜನರು. ಎರಡು ಸಂಪುಟ! 1870ರಲ್ಲಿ ವ್ಯಾಟಿಕನ್ ಸಭೆಯು ಪೋಪರು ಧರ್ಮಪೀಠದಿಂದ ಹೇಳಿದ್ದು ತಪ್ಪಾಗಲಾರದು ಎಂದು ಘೋಷಿಸಿತ್ತು. ಧರ್ಮಗುರು ರಾಜರ ಮೇಲೆ, ಕಾನೂನಿನ ಮೇಲೆ ಕೈ ಇಡಲು ಹೊರಟರೆ ಜನರ ಸ್ವಾತಂತ್ರ್ಯ ಏನಾಗುತ್ತದೆ ಅನ್ನುವುದು ಆರ್ಥರನ ಚಿಂತೆ. ಅದೇ 1877ರಲ್ಲಿ ಗುಬ್ಬಿಯ ಇನ್ನೊಬ್ಬ ಪಾದ್ರಿ ಥಾಮಸ್ ಹಾಡ್ಸನ್ ‘ಓಲ್ಡ್ ಡೇನಿಯಲ್’ ಅನ್ನುವ ಪುಟ್ಟ ಪುಸ್ತಕ ಹೊರತಂದ. ಅದು ಗುಬ್ಬಿ ಸೀಮೆಯಲ್ಲಿ ಕ್ರೈಸ್ತನಾದ ಒಬ್ಬ ಹಿರಿಯನ ಕಥೆ. ಒಬ್ಬನದು ಯುರೋಪಿನ ಸಿಂಹಾಸನಗಳ ಚಿಂತೆ, ಇನ್ನೊಬ್ಬನದು ನಮ್ಮ ಹಳ್ಳಿಯ ಮುದುಕನ ಕಥೆ. ಡೇನಿಯಲ್ ಹೆಸರು ನೆನಪಿರಲಿ, ಕೊನೆಯಲ್ಲಿ ಮತ್ತೆ ಬರುತ್ತದೆ.

ಆರ್ಥರನಲ್ಲಿದ್ದ ಭಯ ಅವನೊಬ್ಬನದಲ್ಲ. ಅಟ್ಲಾಂಟಿಕ್ ಸಾಗರದ ಎರಡೂ ದಡದ ಇವ್ಯಾಂಜೆಲಿಕಲ್‌ಗಳ ರಕ್ತದಲ್ಲೇ ಅದು ಇತ್ತು. ಅಮೆರಿಕದಲ್ಲಿ ಅದು ಓಟಿನ ಪೆಟ್ಟಿಗೆಗೂ ಇಳಿಯಿತು. 1928ರಲ್ಲಿ ಡೆಮಾಕ್ರಟಿಕ್ ಪಕ್ಷ ಆಲ್ ಸ್ಮಿತ್ ಅನ್ನುವ ಕ್ಯಾಥೊಲಿಕರನ್ನು ನಿಲ್ಲಿಸಿತು. ಪೋಪರ ಮನುಷ್ಯ ವೈಟ್‌ಹೌಸಿಗೆ ಬರುತ್ತಾನೆ ಎಂದು ಚರ್ಚು ಚರ್ಚಿನಲ್ಲೂ ಗುಲ್ಲು. ತಲೆತಲಾಂತರದಿಂದ ಡೆಮಾಕ್ರಟ್ ಆಗಿದ್ದ ಟೆಕ್ಸಾಸ್, ವರ್ಜೀನಿಯಾದಂಥ ದಕ್ಷಿಣದ ರಾಜ್ಯಗಳೂ ಆ ಸಲ ತಿರುಗಿಬಿದ್ದವು. ಸ್ಮಿತ್ ಸೋತರು. (ಮದ್ಯಪಾನ ನಿಷೇಧದ ಪ್ರಶ್ನೆಯೂ ಇತ್ತು, ಎಲ್ಲವನ್ನೂ ಪೋಪರ ತಲೆಗೆ ಕಟ್ಟುವುದು ಬೇಡ.)

1960ರಲ್ಲಿ ಕೆನಡಿ ನಿಂತಾಗ ಮತ್ತದೇ ಗುಲ್ಲು. ಸೆಪ್ಟೆಂಬರ್ 12ರಂದು ಕೆನಡಿ ಟೆಕ್ಸಾಸಿನ ಹ್ಯೂಸ್ಟನ್‌ಗೆ ಹೋಗಿ ಪ್ರಾಟೆಸ್ಟೆಂಟ್ ಪಾದ್ರಿಗಳ ಸಭೆಯಲ್ಲೇ ನಿಂತು ಮಾತಾಡಿದರು. ಯಾವ ಕ್ಯಾಥೊಲಿಕ್ ಗುರುವೂ ಅಧ್ಯಕ್ಷನಿಗೆ ಹೀಗೆ ಮಾಡು ಅನ್ನಬಾರದು, ಯಾವ ಪ್ರಾಟೆಸ್ಟೆಂಟ್ ಪಾದ್ರಿಯೂ ತನ್ನ ಸಭೆಯವರಿಗೆ ಇಂಥವರಿಗೇ ಓಟು ಹಾಕಿ ಅನ್ನಬಾರದು, ಅಂಥ ಅಮೆರಿಕ ನನ್ನದು ಅನ್ನುವುದು ಅವರ ಮಾತಿನ ತಾತ್ಪರ್ಯ. ಸುಮಾರು ಆರೂಮುಕ್ಕಾಲು ಕೋಟಿ ಓಟಿನಲ್ಲಿ ಲಕ್ಷದ ಚಿಲ್ಲರೆ ಅಂತರದಿಂದ ಗೆದ್ದರು.

ಈಗ ಇಪ್ಪತ್ತೇ ವರ್ಷ ಮುಂದೆ ಬನ್ನಿ. 1980ರ ಆಗಸ್ಟ್. ಅದೇ ಟೆಕ್ಸಾಸ್, ಈ ಸಲ ಡಲ್ಲಾಸ್. ಸಾವಿರಾರು ಪಾಸ್ಟರ್‌ಗಳ ಸಭೆ. ವೇದಿಕೆ ಮೇಲೆ ರೊನಾಲ್ಡ್ ರೇಗನ್. ನೀವು ನನ್ನನ್ನು ಬಹಿರಂಗವಾಗಿ ಬೆಂಬಲಿಸುವ ಹಾಗಿಲ್ಲ, ನನಗೆ ಗೊತ್ತು. ಆದರೆ ನಾನು ನಿಮ್ಮನ್ನು ಬೆಂಬಲಿಸುತ್ತೇನೆ ಎಂಬ ಅರ್ಥದ ಮಾತು ಆಡಿದರು. ಸಭೆ ಎದ್ದು ಚಪ್ಪಾಳೆ ತಟ್ಟಿತು. ‘ಬೆಂಬಲಿಸುವ ಹಾಗಿಲ್ಲ’ ಅಂದದ್ದು ಯಾಕೆಂದರೆ ತೆರಿಗೆ ವಿನಾಯಿತಿ ಇರುವ ಚರ್ಚುಗಳು ಅಭ್ಯರ್ಥಿಯ ಪರ ಪ್ರಚಾರ ಮಾಡಬಾರದು ಅಂತ 1954ರಿಂದ ಅಲ್ಲಿ ಕಾನೂನು ಇತ್ತು.

ಈ ಇಪ್ಪತ್ತು ವರ್ಷದಲ್ಲಿ ಏನಾಯಿತು? ಇದೇ ನನಗೆ ಬಹಳ ಕುತೂಹಲ ಹುಟ್ಟಿಸಿದ ಭಾಗ. ವರ್ಜೀನಿಯಾದ ಜೆರ್ರಿ ಫಾಲ್ವೆಲ್ ಅನ್ನುವ ಬ್ಯಾಪ್ಟಿಸ್ಟ್ ಪಾಸ್ಟರ್ 1965ರಲ್ಲಿ ಒಂದು ಪ್ರಸಂಗ ಮಾಡಿದರು. ಕರಿಯರ ಹಕ್ಕಿಗಾಗಿ ಮಾರ್ಟಿನ್ ಲೂಥರ್ ಕಿಂಗ್ ಥರದ ಪಾದ್ರಿಗಳು ಮೆರವಣಿಗೆ ಹೋಗುತ್ತಿದ್ದ ಕಾಲ ಅದು. ಪಾದ್ರಿಯ ಕೆಲಸ ಆತ್ಮಗಳನ್ನು ಗೆಲ್ಲುವುದು, ರಾಜಕೀಯ ಮಾಡುವುದಲ್ಲ ಅಂತ ಫಾಲ್ವೆಲ್ ಟೀಕಿಸಿದರು. ಅದೇ ಫಾಲ್ವೆಲ್ 1979ರಲ್ಲಿ ‘ಮಾರಲ್ ಮೆಜಾರಿಟಿ’ ಅನ್ನುವ ರಾಜಕೀಯ ಸಂಘಟನೆ ಕಟ್ಟಿದರು!

ಕಾರಣ ಗರ್ಭಪಾತ ಅಂತ ಸಾಮಾನ್ಯವಾಗಿ ಹೇಳುತ್ತಾರೆ. 1973ರ ಜನವರಿ 22ರಂದು ಸುಪ್ರೀಂ ಕೋರ್ಟು ರೋ ತೀರ್ಪಿನಲ್ಲಿ ಗರ್ಭಪಾತವನ್ನು ಹಕ್ಕು ಅಂದಿತು. ಆದರೆ ಅದು ಆಗ ಹೆಚ್ಚಾಗಿ ಕ್ಯಾಥೊಲಿಕರ ತಲೆನೋವಾಗಿತ್ತು. ಅತಿ ದೊಡ್ಡ ಪ್ರಾಟೆಸ್ಟೆಂಟ್ ಸಂಘಟನೆಯಾದ ಸದರ್ನ್ ಬ್ಯಾಪ್ಟಿಸ್ಟ್ ಮಹಾಸಭೆಯೇ 1971ರಲ್ಲಿ ಅತ್ಯಾಚಾರ, ತಾಯಿಯ ಆರೋಗ್ಯ ಮೊದಲಾದ ಸಂದರ್ಭಗಳಲ್ಲಿ ಗರ್ಭಪಾತಕ್ಕೆ ಕಾನೂನು ಅವಕಾಶ ಕೊಡಲಿ ಅಂತ ನಿರ್ಣಯ ಮಾಡಿತ್ತು. ಪಾಸ್ಟರ್‌ಗಳಿಗೆ ಮೊದಲು ಚುರುಕು ಮುಟ್ಟಿಸಿದ್ದು ತೆರಿಗೆ ಇಲಾಖೆ ಅನ್ನುವ ಚರಿತ್ರೆಕಾರರೂ ಇದ್ದಾರೆ. ಕರಿಯ-ಬಿಳಿಯ ಭೇದ ಮಾಡುವ ಖಾಸಗಿ ಕ್ರೈಸ್ತ ಶಾಲೆಗಳ ತೆರಿಗೆ ವಿನಾಯಿತಿಗೆ ಸರ್ಕಾರ ಕೈ ಹಾಕಿತು. ಬಾಬ್ ಜೋನ್ಸ್ ವಿಶ್ವವಿದ್ಯಾಲಯದ ಕೇಸು ಸುಪ್ರೀಂ ಕೋರ್ಟಿನ ತನಕ ಹೋಗಿ 1983ರಲ್ಲಿ 8-1ರಿಂದ ವಿಶ್ವವಿದ್ಯಾಲಯ ಸೋತಿತು. ಶಾಲೆ, ಗರ್ಭಪಾತ, ಶಾಲೆಗಳಲ್ಲಿ ಪ್ರಾರ್ಥನೆ, ಕುಟುಂಬದ ಸ್ವರೂಪ... ಎಲ್ಲ ಒಂದೇ ಮೂಟೆಯಾಯಿತು. ‘ನಾವು ರಾಜಕೀಯಕ್ಕೆ ಹೋಗಲಿಲ್ಲ, ರಾಜಕೀಯವೇ ನಮ್ಮ ಮನೆಗೆ ನುಗ್ಗಿತು’ ಅನ್ನುವುದು ಅವರ ವಾದ. ಅದನ್ನು ಸುಳ್ಳು ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಒಳಗಿನಿಂದ ನೋಡಿದವರಿಗೆ ಹಾಗೇ ಕಂಡಿರಬೇಕು.

ಆಗ ಅವರು ಸೋಲಿಸಿದ್ದು ಯಾರನ್ನು ಗೊತ್ತೇ? ಜಿಮ್ಮಿ ಕಾರ್ಟರ್ ಅವರನ್ನು. ಬೈಬಲ್ ತರಗತಿ ತೆಗೆದುಕೊಳ್ಳುತ್ತಿದ್ದ ಸದರ್ನ್ ಬ್ಯಾಪ್ಟಿಸ್ಟ್, ‘ನಾನು ಹೊಸದಾಗಿ ಹುಟ್ಟಿದ ಕ್ರೈಸ್ತ’ ಅಂತ ಬಾಯಿಬಿಟ್ಟು ಹೇಳಿಕೊಂಡ ಮನುಷ್ಯ. ಅವರು ಗೆದ್ದ 1976ನ್ನು ಪತ್ರಿಕೆಗಳು ಇವ್ಯಾಂಜೆಲಿಕಲ್‌ಗಳ ವರ್ಷ ಅಂದಿದ್ದವು. ಗೆದ್ದ ರೇಗನ್ ವಿಚ್ಛೇದನ ಪಡೆದಿದ್ದ ಸಿನಿಮಾ ನಟ, ಕ್ಯಾಲಿಫೋರ್ನಿಯಾ ಗವರ್ನರ್ ಆಗಿದ್ದಾಗ 1967ರಲ್ಲಿ ಗರ್ಭಪಾತದ ಕಾನೂನನ್ನು ಸಡಿಲ ಮಾಡಿದ ಮಸೂದೆಗೆ ಸಹಿ ಹಾಕಿದವರು! ಅಲ್ಲಿಗೆ ಒಂದು ಮಾತು ತೀರ್ಮಾನವಾಯಿತು. ಅಭ್ಯರ್ಥಿ ನಮ್ಮಂಥವನೋ ಅಲ್ಲವೋ ಮುಖ್ಯವಲ್ಲ, ನಮ್ಮ ಕೆಲಸ ಮಾಡಿಕೊಡುತ್ತಾನೋ ಇಲ್ಲವೋ ಅದು ಮುಖ್ಯ. ಕಾರ್ಟರ್ ಕೊನೆಗೆ 2000ದಲ್ಲಿ ಆ ಮಹಾಸಭೆಯಿಂದಲೇ ಹೊರಬಂದರು. 2024ರ ಡಿಸೆಂಬರ್ 29ರಂದು, ನೂರು ತುಂಬಿಸಿ ತೀರಿಕೊಂಡರು.

ಆಮೇಲಿನದು ನಿಮಗೆಲ್ಲ ಗೊತ್ತಿರುವ ಕಥೆ. 2016, 2020, 2024, ಮೂರು ಚುನಾವಣೆಗಳಲ್ಲೂ ಬಿಳಿಯ ಇವ್ಯಾಂಜೆಲಿಕಲ್‌ಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು, ಹತ್ತಿರ ಹತ್ತಿರ ಐದರಲ್ಲಿ ನಾಲ್ಕು ಜನ ಟ್ರಂಪ್‌ಗೆ ಓಟು ಹಾಕಿದರು. ‘ಬಿಳಿಯ’ ಅನ್ನುವ ಪದ ಬಿಡಬೇಡಿ. ಅದೇ ಬೈಬಲ್ ಓದುವ, ಅದೇ ಹೊಸ ಹುಟ್ಟನ್ನು ನಂಬುವ ಕರಿಯ ಪ್ರಾಟೆಸ್ಟೆಂಟರಲ್ಲಿ ಬಹುಪಾಲು ಜನ ಓಟು ಹಾಕುವುದು ಎದುರು ಪಕ್ಷಕ್ಕೆ. ಹಾಗಾದರೆ ಓಟನ್ನು ನಿರ್ಧರಿಸಿದ್ದು ಬೈಬಲ್ ಒಂದೇ ಅಂತ ಹೇಗೆ ಹೇಳುವುದು?

ಟ್ರಂಪ್ ಬಗ್ಗೆ ಅಲ್ಲಿಯ ಕೆಲವು ಪಾಸ್ಟರ್‌ಗಳು ಒಂದು ಹೋಲಿಕೆ ಕೊಟ್ಟರು. ಕನ್ನಡ ಬೈಬಲ್ ಓದಿದವರಿಗೆ ಕೋರೆಷ ಗೊತ್ತು, ಪರ್ಷಿಯಾದ ರಾಜ, ಇಂಗ್ಲಿಷಿನವರ ಸೈರಸ್. ಅವನು ಇಸ್ರೇಲಿನ ದೇವರನ್ನು ಅರಿತವನಲ್ಲ. ಆದರೂ ಸೆರೆಯಲ್ಲಿದ್ದ ಯೆಹೂದ್ಯರನ್ನು ಊರಿಗೆ ಕಳಿಸಲು ದೇವರು ಅವನನ್ನೇ ಬಳಸಿಕೊಂಡ ಅಂತ ಯೆಶಾಯನ ಗ್ರಂಥ ಹೇಳುತ್ತದೆ. ಟ್ರಂಪ್ ಕೂಡ ಹಾಗೇ, ಗುಣ ನೋಡಬೇಡಿ, ಕೆಲಸ ನೋಡಿ ಅನ್ನುವುದು ವಾದ. ಮೇಷ್ಟ್ರ ಮಗ ಹೇಳುವುದೂ ಇದನ್ನೇ. ಕೆಲಸವೂ ಆಯಿತು, ಇಲ್ಲ ಅನ್ನುವ ಹಾಗಿಲ್ಲ. ಟ್ರಂಪ್ ನೇಮಿಸಿದ ಮೂವರು ನ್ಯಾಯಾಧೀಶರೂ ಸೇರಿ 2022ರ ಜೂನ್ 24ರಂದು ರೋ ತೀರ್ಪನ್ನು ರದ್ದು ಮಾಡಿದರು. ಸುಮಾರು ಐವತ್ತು ವರ್ಷದ ಬೇಡಿಕೆ ಈಡೇರಿತು.

ಆದರೆ ಬೆಲೆ? ಪಿ.ಆರ್.ಆರ್.ಐ. ಅನ್ನುವ ಸಂಸ್ಥೆಯ ಸಮೀಕ್ಷೆ ಒಂದಿದೆ. ಖಾಸಗಿ ಜೀವನದಲ್ಲಿ ಅನೀತಿ ಮಾಡಿದವನು ಸಾರ್ವಜನಿಕ ಹುದ್ದೆಯಲ್ಲಿ ನೀತಿಯಿಂದ ನಡೆಯಬಲ್ಲನೇ ಅಂತ ಪ್ರಶ್ನೆ. 2011ರಲ್ಲಿ ಬಿಳಿಯ ಇವ್ಯಾಂಜೆಲಿಕಲ್‌ಗಳಲ್ಲಿ ಹೌದು ಅಂದವರು ಶೇ. 30. 2016ರಲ್ಲಿ ಶೇ. 72! ಐದು ವರ್ಷದಲ್ಲಿ ಬೈಬಲ್ ಬದಲಾಗಲಿಲ್ಲ, ಬದಲಾದದ್ದು ಅಭ್ಯರ್ಥಿ. ಚರ್ಚು ರಾಜಕೀಯವನ್ನು ತಿದ್ದಲು ಹೋಯಿತು, ರಾಜಕೀಯ ಚರ್ಚಿನ ಮನಸ್ಸನ್ನು ತಿದ್ದಿತು. ಬಿಲ್ಲಿ ಗ್ರಹಾಂ 1956ರಲ್ಲಿ ಸ್ಥಾಪಿಸಿದ ‘ಕ್ರಿಶ್ಚಿಯಾನಿಟಿ ಟುಡೇ’ ಪತ್ರಿಕೆ 2019ರ ಡಿಸೆಂಬರ್‌ನಲ್ಲಿ ಟ್ರಂಪ್ ಅವರನ್ನು ಹುದ್ದೆಯಿಂದ ಇಳಿಸಬೇಕು ಅಂತ ಸಂಪಾದಕೀಯ ಬರೆಯಿತು. ಒಳಗಿನಿಂದಲೇ ಎದ್ದ ದನಿ. ಓಟು ಮಾತ್ರ ಅಲುಗಲಿಲ್ಲ. 2025ರ ಜುಲೈನಲ್ಲಂತೂ, ಪಾಸ್ಟರ್ ತನ್ನ ಸಭೆಯಲ್ಲಿ ಆರಾಧನೆಯ ಹೊತ್ತಿಗೆ ಅಭ್ಯರ್ಥಿಯ ವಿಷಯ ಮಾತಾಡಿದರೆ ಅದು 1954ರ ಕಾನೂನಿಗೆ ವಿರೋಧವಲ್ಲ ಅಂತ ತೆರಿಗೆ ಇಲಾಖೆಯೇ ಕೋರ್ಟಿಗೆ ಬರೆದುಕೊಟ್ಟಿತು. ಹ್ಯೂಸ್ಟನ್‌ನಲ್ಲಿ ಕೆನಡಿ ಹೇಳಿದ್ದು ನೆನಪಾಯಿತು.

ಇಷ್ಟು ಬರೆದು, ‘ನೋಡಿ, ಅಮೆರಿಕದವರು ಹೀಗೆ’ ಅಂತ ಮುಗಿಸಿದರೆ ಬಹಳ ಸುಲಭ. ಆದರೆ ನಾನು ತುಮಕೂರು ಜಿಲ್ಲೆಯವನು. ಚುನಾವಣೆ ಹತ್ತಿರ ಬಂದರೆ ದೆಹಲಿಯ ದಾರಿ ಸಿದ್ಧಗಂಗೆಯ ಬೆಟ್ಟದ ಮೇಲೆ ಹಾದು ಹೋಗುವುದನ್ನು ನೋಡಿಕೊಂಡೇ ಬೆಳೆದವನು. 2018ರ ವಿಧಾನಸಭಾ ಚುನಾವಣೆಗೆ ಮೊದಲು ಅಮಿತ್ ಶಾ ಬಂದರು, ರಾಹುಲ್ ಗಾಂಧಿಯೂ ಬಂದರು. ಶಿವಕುಮಾರ ಸ್ವಾಮೀಜಿ ಆಗ ನೂರಾಹನ್ನೊಂದರ ಆಸುಪಾಸಿನಲ್ಲಿದ್ದರು. ಎರಡೂ ಕಡೆಯವರು ಕಾಲಿಗೆ ಬಿದ್ದರು. ಹತ್ತಾರು ವರ್ಷ ಅನ್ನ, ಅಕ್ಷರ, ಆಶ್ರಯ ಅಂತ ಸಾವಿರಾರು ಮಕ್ಕಳನ್ನು ಸಾಕಿದ್ದ ಆ ಹಿರಿಯರ ಮುಂದೆ ನಿಲ್ಲಲು ಎಲ್ಲ ಪಕ್ಷದವರಿಗೂ ಆಸೆ. ಯಾರೂ ‘ಇವರು ನಮ್ಮವರು ಮಾತ್ರ’ ಅನ್ನುವ ಹಾಗಿರಲಿಲ್ಲ, ಅದಕ್ಕೇ ಎಲ್ಲರೂ ಬರಬೇಕಾಗಿತ್ತು. ನನ್ನ ಮಟ್ಟಿಗೆ ಆ ಗೌರವದ ಗುಟ್ಟು ಇದೇ.

ಎಲ್ಲ ಕಡೆ ಹೀಗಿಲ್ಲ. 2021ರ ಜುಲೈನಲ್ಲಿ ಯಡಿಯೂರಪ್ಪನವರು ಕುರ್ಚಿ ಬಿಡಬೇಕಾಗುತ್ತದೆ ಅನ್ನುವ ಸುದ್ದಿ ಹಬ್ಬಿದಾಗ ಹಲವಾರು ಮಠಾಧೀಶರು ಬೆಂಗಳೂರಿಗೆ ಹೋಗಿ ಬಹಿರಂಗವಾಗಿ ಅವರ ಬೆನ್ನಿಗೆ ನಿಂತರು. ಜುಲೈ 26ರಂದು ರಾಜೀನಾಮೆ ಆಗಿಯೇ ಆಯಿತು. ನಮ್ಮ ಊರಿನಲ್ಲೂ, ನಾನು ಚಿಕ್ಕವನಿದ್ದಾಗ, ಓಟಿನ ಹಿಂದಿನ ರಾತ್ರಿ ಜಗಲಿ ಮೇಲೆ ಕೂತು ಯಾರೋ ‘ಸ್ವಾಮಿಗಳ ಮನಸ್ಸಿನಲ್ಲಿ ಇಂಥವರಿದ್ದಾರೆ’ ಅಂತ ಪಿಸುಗುಟ್ಟಿದ್ದು, ನಮ್ಮಜ್ಜಿ ಮಾರನೆಯ ದಿನ ಬೇರೆ ಮಾತೇ ಇಲ್ಲದೆ ಅದಕ್ಕೇ ಓಟು ಒತ್ತಿ ಬಂದದ್ದು ನೆನಪಿದೆ. ಸ್ವಾಮಿಗಳು ಹಾಗೆ ಹೇಳಿದ್ದರೋ ಇಲ್ಲವೋ, ಅಜ್ಜಿ ಕೇಳಲೂ ಇಲ್ಲ. ಕಾನೂನು ನಮ್ಮಲ್ಲೂ ಇದೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಂ ಪ್ರಕಾರ ಧರ್ಮದ ಹೆಸರಿನಲ್ಲಿ ಓಟು ಕೇಳುವುದು ಭ್ರಷ್ಟ ನಡವಳಿಕೆ. ಅಭ್ಯರ್ಥಿಯ ಧರ್ಮ ಮಾತ್ರವಲ್ಲ, ಮತದಾರನ ಧರ್ಮ ಎತ್ತಿ ಕೇಳುವುದೂ ತಪ್ಪು ಅಂತ ಸುಪ್ರೀಂ ಕೋರ್ಟು 2017ರ ಜನವರಿ 2ರಂದು 4-3ರ ಬಹುಮತದಿಂದ ಹೇಳಿತು. ಜಗಲಿ ಮೇಲಿನ ಪಿಸುಮಾತನ್ನು ಮಾತ್ರ ಯಾವ ಕೋರ್ಟೂ ಹಿಡಿಯಲಾರದು.

ನಮ್ಮಲ್ಲೇ ಇನ್ನೊಂದು ಉದಾಹರಣೆ ಇದೆ. ಸಂವಿಧಾನ ಸಭೆಯಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಜೆರೋಮ್ ಡಿಸೋಜಾ ಅನ್ನುವ ಜೆಸ್ವಿಟ್ ಪಾದ್ರಿ ಸದಸ್ಯರಾಗಿದ್ದರು. ಆರ್ಥರನಂಥವರು ಹೆದರುತ್ತಿದ್ದರಲ್ಲ, ಅಂಥ ಪೋಪರ ಪಂಗಡದವರೇ! ಧರ್ಮದ ಮೇಲೆ ಅಲ್ಪಸಂಖ್ಯಾತರಿಗೆ ಶಾಸನಸಭೆಗಳಲ್ಲಿ ಮೀಸಲು ಸ್ಥಾನ ಬೇಡ ಅನ್ನುವ ತೀರ್ಮಾನ 1949ರ ಮೇ ತಿಂಗಳಲ್ಲಿ ಬಂದಾಗ ಅವರು ಅದರ ಪರ ನಿಂತರು. ನಮ್ಮದು ಪ್ರತ್ಯೇಕ ಓಟಿನ ಗುಂಪಾಗದಿರಲಿ, ಎಲ್ಲರ ಜೊತೆ ಇರೋಣ ಅನ್ನುವ ನಿಲುವು. ತುಮಕೂರು ಜಿಲ್ಲೆಯಲ್ಲಿ ಕ್ರೈಸ್ತರು ಶೇಕಡಾ ಒಂದೂ ಇಲ್ಲ. ಮೇಷ್ಟ್ರು ಜೀವನಪೂರ್ತಿ ಓಟು ಹಾಕಿದ್ದು ಲಿಂಗಾಯತ, ಒಕ್ಕಲಿಗ, ಕುರುಬ ಅಭ್ಯರ್ಥಿಗಳಿಗೆ. ಸ್ವಂತ ಯೋಚನೆ ಮಾಡಿ ಹಾಕುವುದು ಬಿಟ್ಟರೆ ಅವರಿಗೆ ಬೇರೆ ದಾರಿಯೇ ಇರಲಿಲ್ಲ. ಮಗ ಹೋಗಿ ಸೇರಿದ ದೇಶದಲ್ಲಿ ಅವನ ಧರ್ಮದವರೇ ಬಹುಸಂಖ್ಯಾತರು. ಅಪ್ಪ ಮಗನ ಜಗಳದ ಬೇರು ಇಲ್ಲಿರಬಹುದೇ ಅಂತ ನನಗೆ ಅನ್ನಿಸಿದೆ. ಒಂದೇ ನಂಬಿಕೆ, ಸಂಖ್ಯೆ ಕಡಿಮೆ ಇದ್ದಾಗ ಒಂದು ಥರ ಮಾತಾಡುತ್ತದೆ, ಜಾಸ್ತಿ ಆದಾಗ ಇನ್ನೊಂದು ಥರ.

ಕಳೆದ ತಿಂಗಳು ಇದನ್ನೆಲ್ಲ ಮೇಷ್ಟ್ರಿಗೆ ಹೇಳಿದೆ. ಆರ್ಥರನ ಕಥೆ ಕೇಳಿ ಖುಷಿಪಟ್ಟರು. ಕೋರೆಷನ ಮಾತಿಗೆ ಬಂದಾಗ ನಕ್ಕರು.

“ಕೋರೆಷನ ಕಥೆ ಸರಿ ಕಣಪ್ಪ. ಆದ್ರೆ ಅದೇ ಕಾಲದಲ್ಲಿ ಅದೇ ಅರಮನೆಯಲ್ಲಿ ಇನ್ನೊಬ್ಬ ಇದ್ನಲ್ಲ, ದಾನಿಯೇಲ? ದಾರ್ಯಾವೆಷ ರಾಜನ ಕೈಕೆಳಗೆ ನಿಯತ್ತಾಗಿ ಕೆಲಸ ಮಾಡ್ದ. ಮೂವತ್ತು ದಿನ ರಾಜನಿಗೊಬ್ಬನಿಗೇ ಬೇಡ್ಕೋಬೇಕು ಅಂತ ಆಜ್ಞೆ ಆದಾಗ ಮಾತ್ರ ಕಿಟಕಿ ತೆಗೆದು ತನ್ನ ದೇವರಿಗೇ ಪ್ರಾರ್ಥನೆ ಮಾಡ್ದ, ಸಿಂಹದ ಗುಹೆಗೆ ಬಿದ್ದ. ಕೋರೆಷ ಯಾರು ಅಂತ ದೇವರು ನೋಡ್ಕೊತಾನೆ. ನಾವು ದಾನಿಯೇಲ ಆಗಿದೀವಾ ಅಂತ ನೋಡ್ಕೋಬೇಕು. ನಮ್ಮ ಗುಬ್ಬಿಯ ಆ ಮುದುಕ ಸುಮ್ನೆ ಆ ಹೆಸರು ಇಟ್ಕೊಂಡನಾ?”

“ಇದನ್ನ ಮಗನಿಗೆ ಹೇಳಿದ್ರಾ ಸಾರ್?” ಅಂದೆ.

“ಇಲ್ಲಪ್ಪ. ನೀನು ಬರೀತಿಯಲ್ಲ, ಬರಿ. ಅವನು ಕನ್ನಡ ಮರೆತಿಲ್ಲ.”

ಅದಕ್ಕೇ ಬರೆದೆ. ಅವನು ಓದುತ್ತಾನೋ ಇಲ್ಲವೋ ಗೊತ್ತಿಲ್ಲ. ನಿಮ್ಮೂರಿನ ಜಗಲಿಯ ಮೇಲೂ ಓಟಿನ ಹಿಂದಿನ ರಾತ್ರಿ ಇಂಥ ಪಿಸುಮಾತು ಕೇಳಿದ್ದೀರಾ? ಕೇಳಿದ್ದರೆ, ಆಗ ನೀವೇನು ಮಾಡಿದಿರಿ? ಬಿಡುವಾದಾಗ ಬರೆಯಿರಿ.